ನಾಲ್ಕನೆಯ ಹಾಡು ಮುಗಿದ ಮೇಲೆ

ಸೋಮವಾರ ಬೆಳಿಗ್ಗೆ ಒಂಬತ್ತೂಮುಕ್ಕಾಲಕ್ಕೆ ಚಂದ್ರಾಮ ನೆಲದ ಮೇಲೆ ಕೂತು ಹೆಂಡತಿಯ ಬಲಗಾಲಿಗೆ ಬೂಟು ಹಾಕುತ್ತಿದ್ದ. ಎಂಟು ತಿಂಗಳಿಂದ ಮಾಡುತ್ತ ಬಂದ ಕೆಲಸ, ಆದರೂ ಕೈಗೆ ಹತ್ತಿರಲಿಲ್ಲ. ಪಾದ ಒಳಗೆ ಹೋಗುವಾಗ ಕಿರುಬೆರಳು ಮಡಚಿಕೊಳ್ಳುತ್ತಿತ್ತು. ಅವಳಿಗೆ ನೋಯುತ್ತಿದೆಯೋ ಇಲ್ಲವೋ ಎಂಬುದನ್ನು ಮುಖ ನೋಡಿಯೇ ತಿಳಿಯಬೇಕು, ಆ ಮುಖ ನೋಡುವುದನ್ನೇ ಅವನು ಎಂಟು ತಿಂಗಳಿಂದ ತಪ್ಪಿಸಿಕೊಂಡು ಬಂದಿದ್ದ. ಸೋಮವಾರ ಮತ್ತು ಗುರುವಾರ ಹತ್ತಕ್ಕೆ ಸರಿಯಾಗಿ ಫಿಸಿಯೋಥೆರಪಿಯ ರಾಧಿಕಾ ಬರುತ್ತಾಳೆ. ಅಷ್ಟರೊಳಗೆ ಬೂಟು ಆಗಬೇಕು, ಸೀರೆಯ ಅಂಚು ಮೇಲೆ ಕಟ್ಟಬೇಕು, ವಾಡಿಯ ಸಿಮೆಂಟ್ ಕಾರ್ಖಾನೆಯ ಧೂಳು ಕೂತ ನೆಲವನ್ನು ಇನ್ನೊಮ್ಮೆ ಒರೆಸಬೇಕು, ಇಲ್ಲದಿದ್ದರೆ ಕಾಲು ಜಾರುತ್ತದೆ. ಬಾಗಿಲಲ್ಲಿ ನೆರಳು ಬಿತ್ತು. ಪಕ್ಕದ ಮನೆಯ ಜೈಬುನ್ನೀಸಾ ಹಾಲಿನ ತಂಬಿಗೆ ಹಿಡಿದು ನಿಂತಿದ್ದಳು.

"ಬರ್ರಿ," ಅಂದಳು ಮಾಣಿಕಮ್ಮ.

"ನೋಡ್ರಿ ಅಣ್ಣಾ," ಜೈಬುನ್ನೀಸಾಳ ಕಣ್ಣು ತುಂಬಿ ಬಂದವು, "ಎಲ್ಲಾ ಮಾತು ಹೋದ್ರೂ ಬರ್ರಿ ಅನ್ನೋದು ಹೋಗಿಲ್ಲ. ಎಂಥಾ ದಿಲ್ ಅಕ್ಕಂದು! ಮತ್ತ ನಿಮ್ಮಂಥ ಗಂಡ ಯಾರಿಗ್ ಸಿಗ್ತಾನ ಹೇಳ್ರಿ. ಹೆಂಡತಿ ಕಾಲಿಗೆ ಬೂಟ್ ಹಾಕೋ ಗಂಡಸನ್ನ ನಾ ಎಲ್ಲೂ ನೋಡಿಲ್ಲ."

ಅವನು ತಲೆ ಎತ್ತದೆ ಲೇಸು ಬಿಗಿದ. ಈ ಹೊಗಳಿಕೆ ಅವನಿಗೆ ವಾರಕ್ಕೆ ನಾಲ್ಕು ಸಲವಾದರೂ ಬೀಳುತ್ತಿತ್ತು. ಮೊದಮೊದಲು ಬೆವರುತ್ತಿದ್ದ, ಈಗ ಬೆವರುವುದಿಲ್ಲ. ಬೆವರದೆ ಇರುವುದೇ ಅವನಿಗೆ ಇನ್ನಷ್ಟು ಹೇಸಿಗೆಯೆನ್ನಿಸುತ್ತಿತ್ತು.

ಮೆದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತು ಅವಳ ಬಲಗೈ ಬಲಗಾಲಿನ ಜೊತೆ ಮಾತೂ ಹೋಗಿತ್ತು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ನೆನಪಿತ್ತು, ತಲೆಯಾಡಿಸುತ್ತಿದ್ದಳು, ಆದರೆ ಬಾಯಿಗೆ ಉಳಿದದ್ದು ಒಂದೇ ಶಬ್ದ. ನೀರು ಬೇಕಾದರೂ ಬರ್ರಿ, ನೋವಾದರೂ ಬರ್ರಿ, ಬೇಡವೆಂದರೂ ಬರ್ರಿ. ಕೆಲವರಿಗೆ ಹೀಗೆ ಒಂದು ಶಬ್ದ ಉಳಿದುಬಿಡುತ್ತದೆ, ಯಾಕೆ ಅದೇ ಉಳಿಯಿತೆಂದು ಹೇಳಲು ಬರುವುದಿಲ್ಲ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ನೋಡಲು ಬಂದ ಮಂದಿ ಅದನ್ನು ಸತ್ಕಾರವೆಂದು ತಿಳಿದರು. ಯಾಕೆ ಅದೇ ಉಳಿಯಿತೆಂದು ಚಂದ್ರಾಮನಿಗೆ ಗೊತ್ತಿತ್ತು. ಅದು ಬಂದವರನ್ನು ಕರೆದದ್ದಲ್ಲ, ಅವನನ್ನು ಕರೆದದ್ದು. ಆ ಮಧ್ಯಾಹ್ನ ಅವನು ಇದೇ ಕೋಣೆಯಲ್ಲಿ ಕುರ್ಚಿಗೆ ಒರಗಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕಾಲು ಚಾಚಿ ಕೂತಿದ್ದ. ಸಿಡಿಯಲ್ಲಿ ನಾಲ್ಕನೆಯ ಹಾಡು ಮುಗಿದಿತ್ತು. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಎರಡು ಸೆಕೆಂಡು ಏನೂ ಇರುವುದಿಲ್ಲ. ಆ ಎರಡು ಸೆಕೆಂಡಿನಲ್ಲಿ ಹಿಂದಿನ ಬಚ್ಚಲಿನಿಂದ ಅವಳ ದನಿ ಬಂತು: ಬರ್ರಿ. ಅದು ಚೀರಿದ್ದಲ್ಲ, ದಿನಾ ಕರೆಯುವ ದನಿಯೇ, ತುಸು ತಗ್ಗಿನಲ್ಲಿತ್ತು ಅಷ್ಟೆ. ಸಿಲಿಂಡರ್ ಎತ್ತಿ ಇಡಬೇಕೇನೋ, ಈ ಒಂದು ಮುಗಿಯಲಿ ಎಂದುಕೊಂಡ. ಐದನೆಯದು ಶುರುವಾಯಿತು. ಮೂವತ್ತನಾಲ್ಕು ವರ್ಷ ಗೂಡ್ಸ್ ಗಾಡಿಗಳ ಗಾರ್ಡ್ ಆಗಿ ಪ್ರತಿಯೊಂದು ನಿಲ್ದಾಣದ ನಿಮಿಷವನ್ನೂ ಬರೆದಿಟ್ಟ ಕಣ್ಣು ತಾನಾಗಿಯೇ ಗೋಡೆಯ ಗಡಿಯಾರದ ಮೇಲೆ ಹಾದುಹೋಯಿತು: ಮೂರು ಗಂಟೆ ಏಳು ನಿಮಿಷ. ಆಮೇಲೆ ಅವನು ಕಣ್ಣು ಮುಚ್ಚಿದ. ಐದಾದ ಮೇಲೆ ಆರು, ಆರಾದ ಮೇಲೆ ಏಳು. ಹದಿನಾರೂ ಮುಗಿದು ಯಂತ್ರ ತಾನೇ ನಿಂತಾಗ ಮನೆ ವಿಪರೀತ ಸುಮ್ಮನಿತ್ತು.

ಬಾಗಿಲಿಗೆ ಓಡಿ ಕೂಗಿದಾಗ ಮೊದಲು ಬಂದವಳು ಜೈಬುನ್ನೀಸಾ. ಬಚ್ಚಲ ಕಲ್ಲಿನ ಮೇಲೆ ಬಿದ್ದಿದ್ದ ಮಾಣಿಕಮ್ಮನನ್ನು ನೋಡಿ, ಒದ್ದೆಯಾಗಿ ಆಗಲೇ ಒಣಗಿದ್ದ ಅವಳ ಸೆರಗನ್ನು ಮುಟ್ಟಿ, "ಯಾ ಅಲ್ಲಾ, ನೀವ್ ಮನ್ಯಾಗ ಇರಲಿಲ್ಲೇನ್ರಿ ಅಣ್ಣಾ?" ಎಂದು ಕೇಳಿದಳು. ಉತ್ತರ ಆ ಪ್ರಶ್ನೆಯ ಬಾಯಲ್ಲೇ ಇತ್ತು. ಅವನು "ಇರಲಿಲ್ಲ" ಅಂದ. ಆಮೇಲೆ ಎಲ್ಲಿಗೆ ಹೋಗಿದ್ದಿರಿ ಎಂದು ಯಾರೋ ಕೇಳಿದರು, ಶಹಾಬಾದಿಗೆ ಅಂದ. ಯಾವಾಗ ಅಂದರು, ಮುಂಜಾನೆ ಒಂಬತ್ತಕ್ಕೆ ಅಂದ. ಕಾರಿನಲ್ಲಿ ಕಲಬುರಗಿಗೆ ಮುಟ್ಟಿದಾಗ ಐದೂಕಾಲು. ಎಳೆ ವಯಸ್ಸಿನ ಡಾಕ್ಟರು ಅವಳನ್ನು ಕೊನೆಯದಾಗಿ ಚೆನ್ನಾಗಿದ್ದಾಗ ನೋಡಿದ್ದು ಎಷ್ಟು ಹೊತ್ತಿಗೆ ಎಂದು ಎರಡೆರಡು ಸಲ ಕೇಳಿದ್ದ. ಚಂದ್ರಾಮ ಎರಡು ಸಲವೂ ಒಂಬತ್ತು ಗಂಟೆ ಎಂದ. ಡಾಕ್ಟರು ಬರೆದುಕೊಂಡು, ಕೈಗಡಿಯಾರ ನೋಡಿ, ನರ್ಸಿಗೆ ತಲೆ ಅಲ್ಲಾಡಿಸಿದ. ನರ್ಸು ಕೈಯಲ್ಲಿದ್ದ ಟ್ರೇಯನ್ನು ಹಿಂದಕ್ಕೆ ಒಯ್ದಳು. ಅವನು ಅದನ್ನು ನೋಡಿದ್ದ, ಆದರೆ ಅದೇನೆಂದು ಯೋಚಿಸಿರಲಿಲ್ಲ. ಸಣ್ಣ ಸುಳ್ಳು, ಯಾರಿಗೂ ಕೆಡುಕಿಲ್ಲದ್ದು, ನಾಚಿಕೆ ಮುಚ್ಚಿಕೊಳ್ಳುವಷ್ಟು ಮಾತ್ರದ್ದು ಎಂದುಕೊಂಡಿದ್ದ.

ರಾಧಿಕಾ ಬಂದಳು. ಇಪ್ಪತ್ತಾರರ ಹುಡುಗಿ, ಬೆನ್ನಿಗೆ ಚೀಲ, ಕೈಯಲ್ಲೊಂದು ಫೈಲು. "ಹೆಂಗಿದ್ದೀರಿ ಕಾಕಿ?" ಎಂದು ಮಾಣಿಕಮ್ಮನ ಗದ್ದ ಹಿಡಿದು, ಕುರ್ಚಿ ಎಳೆದು ಕೂತಳು. "ಕಾಕಾ, ಎಂಟು ತಿಂಗಳಾತು, ಹೊಸಾ ಫಾರ್ಮ್ ತುಂಬಬೇಕು. ಹಳೇ ಡಿಸ್ಚಾರ್ಜ್ ಕಾಗದ ತಗೊಂಡ್ ಬರ್ರಿ." ಅವನು ತಂದುಕೊಟ್ಟ. ಅವಳು ಬೆರಳಿಟ್ಟು ಓದುತ್ತ, ಒಂದು ಕಡೆ ನಿಂತಳು. "ಹಾಂ, ಇಲ್ಲಿ ಬರದಾರ ನೋಡ್ರಿ. ಮುಂಜಾನೆ ಒಂಬತ್ತಕ್ಕ ಛಲೋ ಇದ್ರು, ಸುರು ಆಗಿದ್ದ ಹೊತ್ತು ಗೊತ್ತಿಲ್ಲ, ಅದಕ್ಕ ಇಂಜೆಕ್ಷನ್ ಕೊಟ್ಟಿಲ್ಲ."

"ಯಾವ ಇಂಜೆಕ್ಷನ್ ತಾಯಿ?"

"ರಕ್ತದ ಗಡ್ಡಿ ಕರಗಸೋದು. ನಾಕೂವರಿ ತಾಸಿನಾಗ ಕೊಡಬೇಕ್ರಿ. ಹೊತ್ತು ಗೊತ್ತಿಲ್ಲಂದ್ರ ಕೊಡಾಕ ಅಂಜತಾರ, ತಲ್ಯಾಗ ರಕ್ತ ಸೋರತದಂತ."

"ಕೊಟ್ಟಿದ್ರ?"

"ಹಂಗ ಹೇಳಾಕ ಬರಂಗಿಲ್ಲ ಕಾಕಾ. ಎಲ್ಲಾರಿಗೂ ಗುಣ ಆಗಂಗಿಲ್ಲ. ಕೆಲವರು ಮಾತಾಡಕೋತ ಎದ್ದು ಮನಿಗೆ ಹೋಗ್ತಾರ." ಅವಳು ಪೆನ್ನಿನ ಮುಚ್ಚಳ ಹಾಕಿದಳು. "ನೀವ್ ಯಾಕ ಮನಸಿಗೆ ಹಚ್ಕೋತೀರಿ, ನೀವು ಊರಾಗೇ ಇರಲಿಲ್ಲ."

ಮೂರು ಏಳಕ್ಕೆ ನಾಲ್ಕೂವರೆ ಕೂಡಿಸಿದರೆ ಏಳು ಮೂವತ್ತೇಳು. ಲೆಕ್ಕ ಅವನ ತಲೆಯಲ್ಲಿ ಅವನನ್ನು ಕೇಳದೆಯೇ ಮುಗಿದುಹೋಯಿತು. ಐದೂಕಾಲಕ್ಕೆ ಅವನು ಆ ಡಾಕ್ಟರನ ಎದುರಿಗೆ ನಿಂತಿದ್ದ. ಎರಡು ತಾಸು ಇಪ್ಪತ್ತೆರಡು ನಿಮಿಷ ಇತ್ತು. ಅವನ ಬಾಯಲ್ಲೇ ಇತ್ತು. ಅವನು ತಲೆಯೆತ್ತಿದಾಗ ಮಾಣಿಕಮ್ಮ ಅವನನ್ನೇ ನೋಡುತ್ತಿದ್ದಳು. ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಅವನು ಮನೆಯಲ್ಲಿದ್ದನೆಂದು ಅವಳಿಗೆ ಮೊದಲಿನಿಂದಲೂ ಗೊತ್ತು. ಅವನಿಗೆ ಚಹಾ ಕೊಟ್ಟು ಲೋಟ ತೊಳೆಯಲು ಹೋದವಳು ಅವಳೇ. ಎಂಟು ತಿಂಗಳಿಂದ ಬಂದವರಿಗೆಲ್ಲ ಅವನು ಶಹಾಬಾದಿನ ಕಥೆ ಹೇಳುವಾಗ ಅವಳು ಇದೇ ಮಂಚದ ಮೇಲೆ, ಇದೇ ಕಣ್ಣು ಬಿಟ್ಟು ಮಲಗಿರುತ್ತಿದ್ದಳು. ಒಮ್ಮೆಯೂ ಇಲ್ಲವೆಂದು ತಲೆಯಾಡಿಸಿರಲಿಲ್ಲ. ಆ ಸುಳ್ಳು ಏನು ಮಾಡಿತೆಂಬುದು ಮಾತ್ರ ಅವಳಿಗೂ ಅವನಿಗೂ ಇವತ್ತೇ, ಒಂದೇ ಕ್ಷಣದಲ್ಲಿ ತಿಳಿಯಿತು.

"ಏಳ್ರಿ ಕಾಕಿ, ನಡಿಯೋಣು," ಎಂದು ರಾಧಿಕಾ ಮೊಬೈಲಿನಲ್ಲಿ ಟಿಕ್ ಟಿಕ್ ಸದ್ದು ಹಚ್ಚಿದಳು. ಆ ಸದ್ದಿಗೆ ಸರಿಯಾಗಿ ಹೆಜ್ಜೆ ಇಡಬೇಕು. ಮಾಣಿಕಮ್ಮನಿಗೆ ಅದು ಎಂದೂ ಹಿಡಿಸಿರಲಿಲ್ಲ. ಎರಡು ಹೆಜ್ಜೆಗೆ ನಿಂತು ಮೋರೆ ತಿರುಗಿಸಿದಳು. "ಇದು ಸೇರಂಗಿಲ್ಲ ಇವರಿಗೆ. ತಾಳ ಇರೋ ಹಾಡು ಬೇಕ್ರಿ ಕಾಕಾ. ಮನ್ಯಾಗ ಟೇಪು ಗೀಪು ಏನರ ಅದೇನು?" ಅವನು ಇಲ್ಲವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮಾಣಿಕಮ್ಮನ ಎಡಗೈ ಎದ್ದು ಮೂಲೆಯ ಮೇಜಿನ ಮೇಲೆ ಟವೆಲ್ಲು ಹೊದಿಸಿದ್ದ ಗಂಟನ್ನು ತೋರಿಸಿತು. "ಬರ್ರಿ," ಅಂದಳು.

ಟವೆಲ್ಲಿನ ಮೇಲೆ ಬೂದಿಬಣ್ಣದ ಧೂಳು ಒಂದು ಪದರ ಕೂತಿತ್ತು. ಅವನು ಅದನ್ನು ಎತ್ತಿದ, ಕೆಳಗೆ ಸಿಡಿ ಯಂತ್ರವಿತ್ತು. ಹೊಸದಾಗಿ ಗಾರ್ಡ್ ಆಗಿ ವಾಡಿಗೆ ಬಂದಾಗ, ನೌಕರರ ಕ್ಲಬ್ಬಾದ ರೈಲ್ವೆ ಇನ್ಸ್‌ಟಿಟ್ಯೂಟಿನಲ್ಲಿ ಡಿಮೆಲ್ಲೊ ಎಂಬ ಹಳೆಯ ಡ್ರೈವರನ ಬೀಳ್ಕೊಡುಗೆ ಇತ್ತು. ಸಿಕಂದರಾಬಾದಿನಿಂದ ಬಂದವರು ಗ್ರಾಮಫೋನು ಹಚ್ಚಿದರು. ಕಾಗಿಣಾ ನದಿಯ ದಂಡೆಯ ಮನೆಯಿಂದ ಬಂದ ಚಂದ್ರಾಮ ಗೋಡೆಗೆ ಬೆನ್ನು ಹಚ್ಚಿ ನಿಂತು ನೋಡಿದ: ಆ ದಪ್ಪ ಮುದುಕ ಹೆಂಡತಿಯೊಡನೆ ಕುಣಿಯುತ್ತ ಅವಳ ಬೆನ್ನಿಗೆ ಅಂಗೈ ಇಟ್ಟಿದ್ದ, ಇಟ್ಟಿದ್ದನೆನ್ನುವುದಕ್ಕಿಂತ ಇಟ್ಟೂ ಇಡದಂತೆ, ಮತ್ತು ಎತ್ತ ತಿರುಗಬೇಕೆಂದು ಆ ಹೆಂಗಸಿಗೆ ಅಷ್ಟರಿಂದಲೇ ತಿಳಿಯುತ್ತಿತ್ತು. ಅದೇ ವರ್ಷ ಅವನ ಮದುವೆಯಾಯಿತು. ಅವನು ಮಾಣಿಕಮ್ಮನ ಬೆನ್ನಿಗೆ ಹಾಗೆ ಕೈ ಇಡಲಿಲ್ಲ. ಮನೆ ತುಂಬ ಮಂದಿ, ಆಮೇಲೆ ಮಗಳು, ಆಮೇಲೆ ಡ್ಯೂಟಿ, ಆಮೇಲೆ ಅದು ನಗು ಬರುವಂಥ ವಿಚಾರವಾಯಿತು. ಆದರೆ ಆ ಸಂಗೀತ ಬಿಡಲಿಲ್ಲ. ಹೈದರಾಬಾದಿನ ಫುಟ್‌ಪಾತಿನಲ್ಲಿ, ಮುಂದೆ ಅಂಗಡಿಗಳಲ್ಲಿ, ಒಂದೊಂದಾಗಿ ನಲವತ್ತೊಂದು ಸಿಡಿ ಕೂಡಿಸಿದ. ತೊಂಬತ್ತು ವರ್ಷದ ಹಿಂದೆ ಎಲ್ಲೋ ಪರದೇಶದ ದೊಡ್ಡ ಹೋಟೆಲುಗಳಲ್ಲಿ ಹದಿನೇಳು ಹದಿನೆಂಟು ಮಂದಿ ಒಟ್ಟಿಗೆ ಕೂತು ಊದಿದ್ದು. ಐದು ಸ್ಯಾಕ್ಸೊಫೋನುಗಳು ಒಂದೇ ಎದೆಯಿಂದ ಉಸಿರಾಡುತ್ತವೆ, ಹಿಂದೆ ತುತ್ತೂರಿಗಳು ಬಾಯಿಗೆ ಟೋಪಿ ಮುಚ್ಚಿಕೊಂಡು ಗುಟ್ಟು ಹೇಳಿದ ಹಾಗೆ ನುಡಿಯುತ್ತವೆ, ಡ್ರಮ್ಮಿನ ಮೇಲೆ ತಂತಿಯ ಕುಂಚ ಮೊರದಲ್ಲಿ ಜೋಳ ಕೇರಿದ ಹಾಗೆ ಸರಿಯುತ್ತದೆ, ಅದೆಲ್ಲದರ ಮೇಲೆ ಒಂದು ಕ್ಲಾರಿನೆಟ್ಟು ತಟ್ಟನೆ ಮೇಲೇಳುತ್ತದೆ. ಹಾಡಿನ ಮಾತು ಅವನಿಗೆ ಅರ್ಥವಾಗುತ್ತಿರಲಿಲ್ಲ, ಅರ್ಥವಾಗಬೇಕೆಂದೂ ಅನಿಸಿರಲಿಲ್ಲ. ಒಂದು ಸಿಡಿಯ ಪುಸ್ತಿಕೆಯಲ್ಲಿ ಕುಣಿತದ ಹೆಜ್ಜೆಗಳ ಗುರುತು ಅಚ್ಚಾಗಿತ್ತು. ಐವತ್ತು ವ್ಯಾಗನುಗಳ ಹಿಂದೆ, ಒಬ್ಬನೇ ಇರುವ ಬ್ರೇಕ್ ವ್ಯಾನಿನಲ್ಲಿ, ಅಲುಗುವ ನೆಲದ ಮೇಲೆ ಅವನು ಆ ಹೆಜ್ಜೆಗಳನ್ನು ಹಾಕಿ ನೋಡಿದ್ದ. ನಿಧಾನ, ನಿಧಾನ, ಬೇಗ ಬೇಗ. ತೋಳಿನಲ್ಲಿ ಯಾರೂ ಇರಲಿಲ್ಲ. ಒಮ್ಮೆ ಮಾಣಿಕಮ್ಮ ಕೈ ಒರೆಸಿಕೊಳ್ಳುತ್ತ ಬಂದು, "ಅಷ್ಟು ಏನ್ ಕೇಳತೀರಿ? ನನಗೂ ಒಂದೀಟು ಕೇಳಸ್ರಿ," ಎಂದು ಹೆಡ್‌ಫೋನಿಗೆ ಕೈ ಚಾಚಿದ್ದಳು. "ನಿನಗ ತಿಳಿಯಂಗಿಲ್ಲ ಬಿಡು," ಎಂದಿದ್ದ. ಅವಳು ನಕ್ಕು ಒಳಗೆ ಹೋಗಿದ್ದಳು. ಆ ನಗು ಎಂಥದ್ದಿತ್ತೆಂದು ಅವನು ಆಗ ನೋಡಿರಲಿಲ್ಲ.

ಯಂತ್ರದೊಳಗೆ ಆ ದಿನದ ಸಿಡಿಯ ತಟ್ಟೆಯೇ ಇತ್ತು. ಎಂಟು ತಿಂಗಳಿಂದ ಯಾರೂ ತೆಗೆದಿರಲಿಲ್ಲ. ರಾಧಿಕಾ ಗುಂಡಿ ಒತ್ತಿದಳು. ಹೆಡ್‌ಫೋನಿಲ್ಲದೆ, ಮೊದಲ ಸಲ, ಆ ಸಂಗೀತ ಮನೆಯ ಗಾಳಿಗೆ ಬಂತು, ಹಾಸುಗಲ್ಲಿಗೆ, ತಗಡಿನ ಡಬ್ಬಿಗಳಿಗೆ, ಬಾಗಿಲಾಚೆಯ ಬೀದಿಗೆ. "ಅಬ್ಬಾ, ಇದು ಛಲೋ ಅದಲ್ರಿ!" ರಾಧಿಕಾ ತಲೆ ಕುಣಿಸಿದಳು. "ಕಾಕಾ, ನೀವು ಹಿಂದ ಬರ್ರಿ. ಬೆನ್ನಿಗೆ ಕೈ ಇರಲಿ. ದೂಡಬ್ಯಾಡ್ರಿ, ಹಿಡೀಬ್ಯಾಡ್ರಿ, ಸುಮ್ನ ಇರಲಿ." ಅವನು ಅಂಗೈ ಇಟ್ಟ. ರವಿಕೆಯ ಕೆಳಗೆ ಅವಳ ಬೆನ್ನು ಬಿಸಿಯಾಗಿತ್ತು. ಮೊದಲ ಹಾಡು ಹೋಯಿತು, ಎರಡನೆಯದು ಹೋಯಿತು. ಮೂರನೆಯದಕ್ಕೆ ಅವಳ ಎಡಗಾಲು ಎದ್ದಿತು, ಬಲಗಾಲು ಎಳೆದುಕೊಂಡು ಬಂತು, ಮತ್ತೆ ಎಡಗಾಲು. ನಾಲ್ಕು. ಐದು. ಆರು. "ಕಾಕೀ!" ಎಂದು ಕೂಗಿದ ರಾಧಿಕಾ ಮೊಬೈಲು ಎತ್ತಿ ವಿಡಿಯೋ ತೆಗೆಯತೊಡಗಿದಳು. ಬಿದ್ದ ಮೇಲೆ ಮಾಣಿಕಮ್ಮ ಆರು ಹೆಜ್ಜೆ ಎಂದೂ ನಡೆದಿರಲಿಲ್ಲ. ಕುರ್ಚಿಗೆ ಬಂದು ಕೂತಾಗ ಅವಳ ಹಣೆಯ ಮೇಲೆ ಬೆವರಿತ್ತು. ನಾಲ್ಕನೆಯ ಹಾಡು ನಡೆದಿತ್ತು. ಚಂದ್ರಾಮ ನಿಲ್ಲಿಸಲೆಂದು ಗುಂಡಿಯ ಕಡೆ ಕೈ ಒಯ್ದ. ಅವಳು ಎಡಗೈ ಎತ್ತಿ ತಡೆದಳು. ಇರಲಿ ಎಂಬಂತೆ. ಹಾಡು ಮುಗಿಯಿತು. ಎರಡು ಸೆಕೆಂಡು ಏನೂ ಇರಲಿಲ್ಲ. ಅವಳು ಅವನನ್ನು ನೋಡುತ್ತಿದ್ದಳು, ಬಾಯಿ ಮುಚ್ಚಿತ್ತು. ಐದನೆಯದು ಶುರುವಾಯಿತು, ಅವಳು ಕತ್ತು ಓರೆಮಾಡಿ ಅದನ್ನು ಪೂರ್ತಿಯಾಗಿ, ಮೊದಲಿನಿಂದ ಕೊನೆಯವರೆಗೆ, ಗಮನವಿಟ್ಟು ಕೇಳಿದಳು. ತನ್ನನ್ನು ಬಿಟ್ಟು ಅವನು ಆರಿಸಿಕೊಂಡದ್ದು ಯಾವುದು ಎಂದು ನೋಡುವವಳಂತೆ. ಸ್ಯಾಕ್ಸೊಫೋನುಗಳು ಇಳಿದು ಕ್ಲಾರಿನೆಟ್ಟು ಮೇಲೆದ್ದಾಗ ಅವಳ ಕಣ್ಣು ತಾವಾಗಿ ಮುಚ್ಚಿದವು. ಹಾಡು ಚೆನ್ನಾಗಿತ್ತು. ಎಂಟು ತಿಂಗಳು ಕಳೆದರೂ, ಇಷ್ಟೆಲ್ಲ ಆದ ಮೇಲೂ, ಅದು ಅಷ್ಟೇ ಚೆನ್ನಾಗಿತ್ತು. ಅದೇ ಅವನಿಂದ ತಾಳಲಾಗದೆ ಹೋಯಿತು. ಕೆಟ್ಟದಾಗಿ ಕೇಳಿಸಿದ್ದರೆ ಬದುಕಬಹುದಿತ್ತು.

ಸಂಜೆ ಮಗಳು ಅಂಬುಜಾ ಬಂದಳು. ಚಿತ್ತಾಪುರದ ತಾಲ್ಲೂಕು ಕಚೇರಿಯಲ್ಲಿ ಕೆಲಸ. ಎರಡು ದಿನಕ್ಕೊಮ್ಮೆ ಕಚೇರಿ ಮುಗಿಸಿ ರೈಲು ಹತ್ತಿ ಬಂದು ಹೋಗುತ್ತಾಳೆ. ಚಪ್ಪಲಿ ಬಿಡುವ ಮೊದಲೇ ನಗುತ್ತಿದ್ದಳು. "ಅಪ್ಪಾ, ರಾಧಿಕಾ ವಿಡಿಯೋ ಕಳಿಸ್ಯಾಳ. ಆಫೀಸ್ನ್ಯಾಗ ಎಲ್ಲಾರಿಗೂ ತೋರಿಸೀನಿ. ನಿನ್ನ ಬ್ಯಾಂಡ್ ಬಾಜಾ ಅವ್ವನ್ನ ನಡಸ್ತು ನೋಡು!" ಅವಳು ತಾಯಿಯ ಮಂಚದ ಮೇಲೆ ಕೂತು ಅವಳ ಸತ್ತ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. "ನಾ ಸಣ್ಣಾಕಿ ಇದ್ದಾಗ ನೀ ಕಿವಿಗೆ ಹಾಕ್ಕೊಂಡು ಕೂತ್ರ ಎಷ್ಟ್ ನಗ್ತಿದ್ದೆ. ಅಪ್ಪಾ, ಖರೇನ ಹೇಳ್ತೀನಿ, ನೀ ಇಲ್ದಿದ್ರ ಅವ್ವಂದು ಏನ್ ಗತಿ ಆಗ್ತಿತ್ತೋ."

"ನಾ ಇದ್ದೆ," ಅಂದ ಚಂದ್ರಾಮ.

"ಹೂಂ, ಅದಕ್ಕ ಅನ್ನಾಕತ್ತೀನಿ."

"ಅವತ್ತು ಮನ್ಯಾಗ ಇದ್ದೆ. ಶಹಾಬಾದಕ್ಕ ಹೋಗಿರಲಿಲ್ಲ."

ಅಂಬುಜಾ ಅವನನ್ನು ನೋಡಿದಳು, ನಗು ಮುಖದಲ್ಲಿ ಇನ್ನೂ ಉಳಿದಿತ್ತು, ಎಲ್ಲಿಗೆ ಹೋಗಬೇಕೆಂದು ತಿಳಿಯದವರಂತೆ. ಅವನು ಕುರ್ಚಿ ತೋರಿಸಿದ. ಇಲ್ಲಿ ಕೂತಿದ್ದೆ ಅಂದ. ಕಿವಿಗೆ ಹಾಕಿಕೊಂಡಿದ್ದೆ ಅಂದ.

"ಅವ್ವ ಕರದಳೇನು?"

"ಕರದಳು."

"ನಿನಗ ಕೇಳಸಲಿಲ್ಲ." ಅವಳು ಕೇಳಲಿಲ್ಲ, ಅವನ ಪರವಾಗಿ ತಾನೇ ಹೇಳಿದಳು. ಮತ್ತೊಮ್ಮೆ ಉತ್ತರ ಪ್ರಶ್ನೆಯ ಬಾಯಲ್ಲೇ ಇತ್ತು, ಮತ್ತೊಮ್ಮೆ ಅದನ್ನು ಎತ್ತಿಕೊಂಡರೆ ಸಾಕಿತ್ತು. ಕಿವಿ ಮುಚ್ಚಿದ್ದವು, ಕೇಳಲಿಲ್ಲ, ಯಾರು ಅಲ್ಲವೆನ್ನುತ್ತಾರೆ? ಮಂಚದ ಮೇಲಿನಿಂದ ಮಾಣಿಕಮ್ಮ ನೋಡುತ್ತಿದ್ದಳು.

"ಕೇಳಸ್ತು," ಅಂದ. "ಒಂದು ಹಾಡು ಮುಗದು ಇನ್ನೊಂದು ಸುರು ಆಗೂದ್ರಾಗ ಕೇಳಸ್ತು. ಮೂರು ಗಂಟೆ ಏಳು ನಿಮಿಷ ಆಗಿತ್ತು. ಇದು ಮುಗೀಲಿ, ಹೋದ್ರಾತು ಅಂದೆ. ಆಮ್ಯಾಲ ಮರತೆ. ಡಾಕ್ಟರ್ ಟೈಮ್ ಕೇಳಿದ್ರ ಮುಂಜಾನೆ ಒಂಬತ್ತಕ್ಕ ನೋಡಿದ್ದೆ ಅಂದೆ. ಖರೇ ಟೈಮ್ ಹೇಳಿದ್ರ ಇಂಜೆಕ್ಷನ್ ಕೊಡ್ತಿದ್ರಂತ, ನಾಕೂವರಿ ತಾಸಿನ ತನಕ. ಇವತ್ತ ತಿಳೀತು ನನಗ."

ಅಂಬುಜಾ ತೊಡೆಯ ಮೇಲಿದ್ದ ತಾಯಿಯ ಕೈಯನ್ನು ಎತ್ತಿ ಹಾಸಿಗೆಯ ಮೇಲಿಟ್ಟಳು. ಎಲ್ಲೋ ದೂರದ ಗಾಡಿ ಸೀಟಿ ಹಾಕಿತು. "ನಾ ದವಾಖಾನಿಗೆ ಬಂದಾಗ ಏಳಾಗಿತ್ತು," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕಚೇರಿಯಲ್ಲಿ ಕಾಗದ ಓದಿ ಹೇಳುವವರ ದನಿ ಇತ್ತು. "ಡಾಕ್ಟರ್ ಕಾಲ್ ಹಿಡಿದೆ, ಏನರ ಮಾಡ್ರಿ ಅಂದೆ. ಈಗೇನೂ ಮಾಡಾಕ ಬರಂಗಿಲ್ಲ, ಹೊತ್ತು ಮೀರ್ಯಾದ ಅಂದ. ನೀ ನನ್ನ ಬಾಜೂಕೇ ನಿಂತಿದ್ದಿ."

"ಹೂಂ."

"ಆವಾಗೂ ಟೈಮ್ ಇತ್ತು."

ಅವಳು ಎದ್ದು ಅಡುಗೆಮನೆಗೆ ಹೋದಳು. ಒಲೆ ಹಚ್ಚಿದ ಸದ್ದು, ಪಾತ್ರೆ ಇಟ್ಟ ಸದ್ದು ಕೇಳಿಸಿತು. ಹಾಲು ಉಕ್ಕಿ ಕಟ್ಟೆಯ ಮೇಲೆ ಹರಿದ ವಾಸನೆ ಬಂತು, ಒಲೆ ಆರಿಸುವ ಸದ್ದು ಮಾತ್ರ ಬರಲಿಲ್ಲ. ಅವನೇ ಒಳಗೆ ಹೋಗಿ ಆರಿಸಿದ. ಅಂಬುಜಾ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಅವನು ಹೆಸರು ಹಿಡಿದು ಕರೆದದ್ದಕ್ಕೆ ತಿರುಗಲಿಲ್ಲ. ಆಮೇಲೆ ಹೊರಗೆ ಬಂದು ತಾಯಿಯ ಕಾಲಬಳಿ ನೆಲದ ಮೇಲೆ ಕೂತು, "ಅವ್ವಾ, ನನ್ನ ಜೋಡಿ ಚಿತ್ತಾಪುರಕ್ಕ ಬರ್ತಿಯೇನ?" ಎಂದು ಕೇಳಿದಳು. ಮಾಣಿಕಮ್ಮ ಗಂಡನ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ದ್ವೇಷವಿದ್ದರೆ ಅವನು ಅದನ್ನು ಹಿಡಿದುಕೊಂಡಾದರೂ ನಿಲ್ಲುತ್ತಿದ್ದ. ಇದ್ದದ್ದು ದಣಿವು. ಅವಳು ಯಾವ ಶಬ್ದವನ್ನೂ ಆಡದೆ ಹೌದೆಂದು ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಕಾರು ಬಂತು. ಔಷಧಿಯ ಚೀಲ, ಬೂಟು, ಮಲದ ಪಾತ್ರೆ, ಎರಡು ದಿಂಬು. ಜೈಬುನ್ನೀಸಾ ಬಾಗಿಲಲ್ಲಿ ನಿಂತು, "ಯಾಕ್ರಿ ಅಣ್ಣಾ, ಏನಾತು? ನಿಮ್ಮಷ್ಟು ಛಲೋ ಯಾರ್ ನೋಡ್ಕೋತಾರ?" ಎಂದು ಕೇಳಿದಾಗ ಅಂಬುಜಾ ಅವನ ಮುಖ ನೋಡಿದಳು, ಹೇಳುತ್ತಾನೋ ಎಂದು. ಅವನು ಹೇಳಿದ. ಬೀದಿಯಲ್ಲೇ ನಿಂತು, ಎರಡು ಮಾತಿನಲ್ಲಿ ಹೇಳಿದ. ಜೈಬುನ್ನೀಸಾ ಸೆರಗನ್ನು ಬಾಯಿಗೆ ಒತ್ತಿಕೊಂಡು ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾರಿನ ಹಿಂದಿನ ಸೀಟಿನಲ್ಲಿ ಕೂಡಿಸುವಾಗ ಮಾಣಿಕಮ್ಮ ಎಡಗೈಯಿಂದ ಬಾಗಿಲು ಹಿಡಿದು ಮನೆಯ ಮೂಲೆಯ ಕಡೆ ಬೆರಳು ಮಾಡಿದಳು. "ಅದು ಯಾಕವ್ವಾ? ಅದನ್ನ ನಮ್ಮ ಮನಿಗೆ ಒಯ್ಯಬೇಕೇನು?" ಅಂಬುಜಾಳ ದನಿ ಮೊದಲ ಸಲ ಒಡೆಯಿತು. ಮಾಣಿಕಮ್ಮ ಬೆರಳು ಇಳಿಸಲಿಲ್ಲ. ಚಂದ್ರಾಮ ಒಳಗೆ ಹೋಗಿ ಯಂತ್ರವನ್ನು ಅದೇ ಟವೆಲ್ಲಿನಲ್ಲಿ ಸುತ್ತಿದ, ನಲವತ್ತೊಂದು ಸಿಡಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ. ಹೆಡ್‌ಫೋನು ಹಾಕಲಿಲ್ಲ. ಕಾರಿನ ಕಿಟಕಿಯ ಹತ್ತಿರ ಬಗ್ಗಿ ಮಗಳಿಗೆ ಯಾವ ಗುಂಡಿ ಒತ್ತಬೇಕು, ತಟ್ಟೆಯನ್ನು ಅಂಚು ಹಿಡಿದು ಹೇಗೆ ಎತ್ತಬೇಕು, ನಡೆಯಲಿಕ್ಕೆ ಮೂರನೆಯದು ಸರಿ, ಹನ್ನೊಂದನೆಯದೂ ಸರಿ, ಒಂಬತ್ತು ಜೋರು, ಕಾಲು ತೊಡರೀತು ಎಂದು ಒಂದೊಂದಾಗಿ ಹೇಳಿದ. ಅವಳು ಮುಂದೆ ನೋಡುತ್ತ ಕೇಳಿಸಿಕೊಂಡಳು. ಕಾರು ಹೊರಟಿತು.

ಗುರುವಾರ ಹತ್ತು ಗಂಟೆಗೆ ಅವನು ಅಂಬುಜಾಗೆ ಫೋನು ಮಾಡಿದ. ಎರಡು ದಿನದಿಂದ ಅವಳು ಎತ್ತಿರಲಿಲ್ಲ. ಇವತ್ತು ಎತ್ತಿದಳು. ಮಾತಾಡಲಿಲ್ಲ. ಫೋನನ್ನು ಯಾವುದೋ ಕಟ್ಟೆಯ ಮೇಲೆ ಇಟ್ಟ ಸದ್ದು ಬಂತು. ಮರೆತು ಇಟ್ಟಳೋ, ಬೇಕೆಂದು ಇಟ್ಟಳೋ ಅವನಿಗೆ ತಿಳಿಯಲಿಲ್ಲ. ಆಮೇಲೆ ಮೂರನೆಯ ಹಾಡು, ದೂರದಿಂದ, ತಗಡಿನಲ್ಲಿ ಮಾಡಿದಂತೆ ಕೇಳಿಸಿತು. ಅವನು ಸಂಗೀತವನ್ನು ಸರಿಸಿ, ಅದರ ಅಡಿಯಲ್ಲಿ ಇರುವುದನ್ನು ಹುಡುಕಿದ. ಬೂಟು ನೆಲಕ್ಕೆ ಉಜ್ಜಿತು. ನಿಂತಿತು. ಮತ್ತೆ ಉಜ್ಜಿತು. ಅವನು ಎದ್ದು ನಿಂತ, ಫೋನನ್ನು ಕಿವಿಗೆ ಒತ್ತಿ ಹಿಡಿದ, ಉಸಿರು ಬಿಗಿಹಿಡಿದು ಎಣಿಸತೊಡಗಿದ. ನಾಲ್ಕು, ಐದು, ಆರು. ಏಳಕ್ಕೆ ತುಸು ತಡವಾಯಿತು, ಅವನ ಇನ್ನೊಂದು ಕೈ ಯಾರ ಬೆನ್ನೂ ಇಲ್ಲದ ಗಾಳಿಯಲ್ಲಿ ಎದ್ದಿತು. ಏಳು. ಎಂಟು. ಒಂಬತ್ತು. ಹತ್ತು, ಹನ್ನೊಂದು. "ಭಾಳ ಛಲೋ ಅವ್ವಾ, ಭಾಳ ಛಲೋ," ಎಂಬ ಅಂಬುಜಾಳ ಅಳುವ ದನಿ. ಹನ್ನೆರಡನೆಯ ಹೆಜ್ಜೆಯ ಮೇಲೆ ಯಾರೋ ಫೋನಿನ ಹತ್ತಿರ ಬಂದರು, ಕಟ್ಟಾಯಿತು. ಮಾಣಿಕಮ್ಮ ಅಲ್ಲಿಗೇ ಕೂತಳೋ, ಇನ್ನೂ ನಡೆಯುತ್ತಲೇ ಇದ್ದಳೋ, ಅವನಿಗೆ ಗೊತ್ತಾಗಲಿಲ್ಲ.